ಈಜುಕೊಳದ ಚಿತ್ರಗಳಿಗೊಂದು ದರ

ಪಕ್ಕದ ಮನೆಯನ್ನು ಕೆಡವುತ್ತಿದ್ದರು. ಬೆಳಗಿನ ಎಂಟಕ್ಕೇ ಶುರುವಾದ ಸುತ್ತಿಗೆಯ ಪೆಟ್ಟು ಗೋಡೆಯಿಂದ ಗೋಡೆಗೆ ಹಾದು ಅವನ ಮೇಜಿನವರೆಗೂ ಬಂದು ಲೋಟದ ಕಾಫಿಯಲ್ಲಿ ಸಣ್ಣ ಉಂಗುರಗಳನ್ನು ಎಬ್ಬಿಸುತ್ತಿತ್ತು. ಒಂದೊಂದು ಪೆಟ್ಟಿಗೂ ಅವನ ಹಲ್ಲು ತಾನಾಗಿ ಕಚ್ಚಿಕೊಳ್ಳುತ್ತಿತ್ತು. ಕೊಟೇಶನ್ ತೆರೆದುಕೊಂಡು ಕೂತು ಒಂದು ಗಂಟೆಯಾಗಿತ್ತು. ‘ಕಟ್ಟಡದ ಛಾಯಾಗ್ರಹಣ, ಪೂರ್ತಿ ಒಂದು ದಿನ’ ಎಂಬ ಸಾಲಿನ ಮುಂದೆ ನಲವತ್ತು ಸಾವಿರ ಎಂದು ಬರೆದಿದ್ದ. ಬರೆದ ಅಂಕಿ ತನ್ನನ್ನೇ ನೋಡಿದಂತಾಗಿ ಕಿವಿ ಬಿಸಿಯಾಯಿತು. ಅಳಿಸಿ ಮೂವತ್ತೆರಡು ಮಾಡಿದ. ಮೂವತ್ತೆರಡರ ಹಿಂದೆ, ಆ ದರ ಕೇಳಬೇಕಾದ ಆರ್ಕಿಟೆಕ್ಟರ ಮುಖ ಕಾಣಿಸಿತು. ಆ ಮನುಷ್ಯ ದರ ಕೇಳಿ ನಗುವುದಿಲ್ಲ, ಹುಬ್ಬೇರಿಸುವುದಿಲ್ಲ, ಜಾಸ್ತಿಯಾಯಿತು ಎನ್ನುವುದೂ ಇಲ್ಲ. ಸುಮ್ಮನೆ ಜೇಬಿನಿಂದ ಫೋನ್ ತೆಗೆದು ಬೇರೇನನ್ನೋ ಓದತೊಡಗುತ್ತಾರೆ. ಅವರು ಓದಿ ಮುಗಿಸುವಷ್ಟರಲ್ಲಿ ಇವನೇ ನಾಲ್ಕು ಸಾವಿರ ಇಳಿಸಿರುತ್ತಾನೆ. ಆ ಫೋನನ್ನು ಅವರ ಬಾಯಿಗೆ ತುರುಕಿ ಅಂಗೈಯಿಂದ ಒತ್ತಿಹಿಡಿಯುವ ಚಿತ್ರವೊಂದು ಸ್ಪಷ್ಟವಾಗಿ ಕಣ್ಣಿಗೆ ಕಟ್ಟಿ, ಅದರ ವಿವರಗಳಿಗೆ, ತುಟಿ ಸೀಳಿ ಗಾಜಿನ ಮೇಲೆ ಹರಡುವ ಎಂಜಲಿಗೆ, ಅವನಿಗೇ ಹೇಸಿಗೆಯಾಯಿತು. ಹಾಗೆಂದು ಆ ಚಿತ್ರ ಹೋಗಲಿಲ್ಲ.

“ಗುಬ್ಬಿ ಎಷ್ಟು ಹೇಳ್ತಾನಂತೆ?” ಹೆಂಡತಿ ಅಡುಗೆಮನೆಯಿಂದ ಕೇಳಿದಳು. ಒಂಬತ್ತಕ್ಕೆ ಅವಳು ಶಾಲೆಯ ಆಫೀಸಿನಲ್ಲಿರಬೇಕು; ಒಂದು ಕೈಯಲ್ಲಿ ಬಾಚಣಿಗೆ, ಇನ್ನೊಂದರಲ್ಲಿ ಸೌಟು.

“ನನಗೇನು ಗೊತ್ತು? ನಿನ್ನ ತಮ್ಮ, ನೀನೇ ಕೇಳು.”

“ಅಯ್ಯೋ, ಬೆಳಿಗ್ಗೆಬೆಳಿಗ್ಗೆನೇ ಕಚ್ಚೋಕೆ ಬರ್ಬೇಡ.”

ಗುಬ್ಬಿ ಎಂದರೆ ಅವಳ ಒಬ್ಬನೇ ತಮ್ಮ. ಏಳು ತಿಂಗಳಿಗೇ ಹುಟ್ಟಿ, ಅಂಗೈಯಗಲ ಇದ್ದನೆಂದು ಆ ಹೆಸರು. ಈಗ ಮೂವತ್ತೆರಡು ತುಂಬಿ, ಬಾಗಿಲು ದಾಟುವಾಗ ತಲೆ ತಗ್ಗಿಸುವಷ್ಟು ಬೆಳೆದಿದ್ದರೂ ಗುಬ್ಬಿಯೇ. ಏಳು ವರ್ಷದ ಕೆಳಗೆ, ಯಾವ ಕೆಲಸದಲ್ಲೂ ನಿಲ್ಲದೆ ಅಲೆಯುತ್ತಿದ್ದ ಅವನನ್ನು ಅತ್ತೆಯೇ ಕರೆದುಕೊಂಡು ಬಂದು ಇವನ ಮುಂದೆ ನಿಲ್ಲಿಸಿದ್ದರು. ಕಟ್ಟಡದ ಗೋಡೆ ಚಿತ್ರದಲ್ಲಿ ಒಳಕ್ಕೆ ವಾಲದಂತೆ ನೆಟ್ಟಗೆ ನಿಲ್ಲಿಸುವುದು ಹೇಗೆ, ಕಿಟಕಿಯಾಚೆಯ ಬಿಸಿಲು ಉರಿದುಹೋಗದಂತೆ ಒಳಗಿನ ಕತ್ತಲನ್ನು ಹಿಡಿಯುವುದು ಹೇಗೆ, ಒಂದು ಕುರ್ಚಿಯನ್ನು ಎರಡು ಬೆರಳಷ್ಟು ಸರಿಸಿದರೆ ಇಡೀ ಕೋಣೆ ಹೇಗೆ ಉಸಿರಾಡುತ್ತದೆ, ಎಲ್ಲವನ್ನೂ ಹೇಳಿಕೊಟ್ಟ. ಒಂದನ್ನು ಬಿಟ್ಟು. ದರ ಹೇಳುವುದನ್ನು ಹೇಳಿಕೊಡಲಿಲ್ಲ, ತನಗೇ ಬರುತ್ತಿರಲಿಲ್ಲವಾದ್ದರಿಂದ. ಗುಬ್ಬಿ ಅದನ್ನು ತಾನೇ ಕಲಿತ. ಹಲ್ಲು ಬಿಟ್ಟು, ಹೊಟ್ಟೆ ಕೆರೆದುಕೊಳ್ಳುತ್ತ, “ಹದಿನೆಂಟು ಕೊಡಿ ಸಾರ್, ನಾಳೆ ಸಂಜೆಗೆ ಫೋಟೋ ನಿಮ್ಮ ಕೈಲಿ” ಎನ್ನುವುದನ್ನು. ಎರಡು ವರ್ಷದಲ್ಲಿ ಇವನ ಗಿರಾಕಿಗಳು ಒಬ್ಬೊಬ್ಬರಾಗಿ ಅತ್ತ ಹೋದರು. ಉಳಿದವರು ಈ ಆರ್ಕಿಟೆಕ್ಟ್ ಒಬ್ಬರು. ನಿನ್ನೆ ಅವರಿಂದ ಸಂದೇಶ ಬಂದಿತ್ತು: ‘ಈಜುಕೊಳ ಮುಗಿದಿದೆ. ನಾಳೆ ಹತ್ತಕ್ಕೆ ಬನ್ನಿ. ನಿಮ್ಮ ಭಾಮೈದನಿಗೂ ಹೇಳಿದ್ದೇನೆ. ಇಬ್ಬರೂ ಎದುರಿಗೇ ದರ ಹೇಳಿಬಿಟ್ಟರೆ ನನಗೂ ಸುಲಭ.’

ಗೋಡೆಯಾಚೆ ಏನೋ ದೊಡ್ಡದು ಉರುಳಿತು. ಧೂಳು ಕಿಟಕಿಯ ಸಂದಿಯಿಂದ ನುಗ್ಗಿತು. ಅಪ್ಪನ ಅಂಗಡಿಯಲ್ಲೂ ಹೀಗೇ ಬಿಸಿಲುಕೋಲಿನಲ್ಲಿ ಬಟ್ಟೆಯ ಧೂಳು ತೇಲುತ್ತಿತ್ತು. ಅಪ್ಪ ದರ್ಜಿ. ಇಸ್ತ್ರಿ ಮಾಡಿದ ಪ್ಯಾಂಟನ್ನು ಎರಡೂ ಕೈಯಲ್ಲಿ ನೀಡುವಾಗ ‘ಎಷ್ಟಾಯ್ತು?’ ಎಂದು ಕೇಳಿದರೆ ಒಂದು ಸಲವೂ ಅಂಕಿ ಹೇಳಿದವನಲ್ಲ. ‘ನಿಮಗೆ ತಿಳಿದಷ್ಟು ಕೊಡಿ’ ಎನ್ನುತ್ತಿದ್ದ. ಅವರು ತಿಳಿದಷ್ಟು ಕೊಡುತ್ತಿದ್ದರು. ಅವರಿಗೆ ಯಾವಾಗಲೂ ಕಡಿಮೆಯೇ ತಿಳಿಯುತ್ತಿತ್ತು. ಅಪ್ಪ ನಗುತ್ತ ಜೇಬಿಗೆ ಹಾಕಿಕೊಂಡು, ಮೆಟ್ಟಿಲಿನವರೆಗೂ ಹೋಗಿ ಬೀಳ್ಕೊಟ್ಟು, ಒಳಗೆ ಬಂದು ಬಾಗಿಲು ಹಾಕಿ ಅಳತೆಕೋಲು ಎತ್ತಿಕೊಳ್ಳುತ್ತಿದ್ದ. ಅಮ್ಮ ಮೂಲೆಗೆ ಸರಿಯುತ್ತಿದ್ದಳು. ಕಾರಣವೇನೂ ಬೇಕಿರಲಿಲ್ಲ, ಸೂಜಿ ಕೆಳಗೆ ಬಿದ್ದಿದ್ದರೆ ಸಾಕು. ಅಪ್ಪನ ಕೈ ಅಷ್ಟು ಹಗುರ, ಅಷ್ಟು ನಾಜೂಕು, ಏಟುಗಳೂ ಹೊಲಿಗೆಯ ಹಾಗೆ ಒಂದರ ಪಕ್ಕ ಒಂದು ಸಮನಾಗಿ ಬೀಳುತ್ತಿದ್ದವು. ಎಣಿಸುತ್ತ ಕೂತಿದ್ದವನು ತಾನು. ಎದ್ದು ಹೋಗಿ ಕೈ ಹಿಡಿಯಬಹುದಾಗಿದ್ದ ವಯಸ್ಸಿನಲ್ಲೂ ಎಣಿಸುತ್ತಲೇ ಕೂತಿದ್ದ.

“ಮೂವತ್ತೆರಡೇ ಇರಲಿ, ಇಳಿಸ್ಬೇಡ,” ಎಂದಳು ಹೆಂಡತಿ ಅವನ ಹೆಗಲ ಮೇಲಿಂದ ಇಣುಕಿ. ಚಪ್ಪಲಿ ಮೆಟ್ಟುತ್ತ, ಅವನತ್ತ ನೋಡದೆ, “ಸಿಗತ್ತೆ ಬಿಡು. ನನಗ್ಯಾಕೋ ಸಿಗತ್ತೆ ಅನ್ಸತ್ತೆ,” ಎಂದಳು.

ಈಜುಕೊಳದ ಕಟ್ಟಡ ಊರಾಚೆಯ ಆಟದ ಮೈದಾನದ ಪಕ್ಕದಲ್ಲಿತ್ತು. ಒಳಗೆ ಕಾಲಿಡುತ್ತಲೇ, ಹೆಗಲ ಮೇಲೆ ಟ್ರೈಪಾಡ್ ಹೊತ್ತಿದ್ದ ಅವನಿಗೆ ಎಲ್ಲವೂ ಒಂದು ಕ್ಷಣ ಮರೆತುಹೋಯಿತು. ಉದ್ದಕ್ಕೂ ಕಾಂಕ್ರೀಟಿನ ತೊಲೆಗಳು, ಅವುಗಳ ನಡುವಿನ ಸಂದಿಗಳಿಂದ ಇಳಿಯುವ ಬೆಳಕು, ಕೆಳಗೆ ನೀರಿಲ್ಲದ ಕೊಳ. ತಿಳಿನೀಲಿ ಟೈಲುಗಳ ತಳ ಒಂದು ತುದಿಯಲ್ಲಿ ಮೊಣಕಾಲುದ್ದ ಆಳವಿದ್ದು, ಇಳಿಯುತ್ತ ಇಳಿಯುತ್ತ ಇನ್ನೊಂದು ತುದಿಯಲ್ಲಿ ಒಂದೂವರೆ ಆಳು ಆಳವಾಗಿತ್ತು. ಹಸಿ ಸಿಮೆಂಟಿನ ವಾಸನೆ. ಮಾತಾಡಿದರೆ ಮಾತು ಹೋಗಿ ಎದುರು ಗೋಡೆಗೆ ಬಡಿದು ಬೇರೆಯವರ ದನಿಯಾಗಿ ಮರಳುತ್ತಿತ್ತು. ಸಂಜೆ ಐದೂಮುಕ್ಕಾಲಿಗೆ, ಪಶ್ಚಿಮದ ಗಾಜಿನಿಂದ ಬೆಳಕು ಬರುವಾಗ, ನೀರು ತುಂಬಿದ ಮೇಲೆ ತೆಗೆಯಬೇಕು ಎಂದುಕೊಂಡ. ಎಲ್ಲಿ ನಿಲ್ಲಬೇಕೆಂಬುದೂ ಆಗಲೇ ಕಾಲಿಗೆ ಗೊತ್ತಾಗಿತ್ತು. ಅಲ್ಲಿ ಗುಬ್ಬಿ ನಿಂತಿದ್ದ.

“ಬನ್ನಿ ಭಾವ,” ಎಂದು ಬಂದು ಚೀಲ ಇಸಿದುಕೊಳ್ಳಲು ಕೈ ಚಾಚಿದ. ಇವನು ಕೊಡಲಿಲ್ಲ.

ಆರ್ಕಿಟೆಕ್ಟ್ ಬಿಳಿ ಅಂಗಿಯ ತೋಳು ಮಡಿಚುತ್ತ ಬಂದರು. “ನೋಡಿ, ನಾಡಿದ್ದು ಉದ್ಘಾಟನೆ. ಮಧ್ಯಾಹ್ನದಿಂದ ನೀರು ಬಿಡ್ತೀವಿ. ನಾಳೆ ಸಂಜೆಯೊಳಗೆ ಫೋಟೋ ಆಗ್ಬೇಕು. ಹಿರಿಯರು ನೀವು, ಮೊದಲು ನೀವೇ ಹೇಳಿ.”

ಅವನು ಶುರುಮಾಡಿದ. ಪೂರ್ತಿ ದಿನ, ಹನ್ನೆರಡು ಚಿತ್ರ, ಮುಸ್ಸಂಜೆಯದು ಅದರಲ್ಲೇ ಸೇರಿತು, ಚಿತ್ರ ತಿದ್ದುವುದಕ್ಕೆ ಮೂರು ದಿನ, ಟೈಲು ಕಂಪನಿಯವರು ಜಾಹೀರಾತಿಗೆ ಬಳಸುವುದಾದರೆ ಮಾತ್ರ—

“ಅದೆಲ್ಲ ಇರಲಿ. ಅಂಕಿ?”

“ಇಪ್ಪತ್ತೆಂಟು.” ತನ್ನ ದನಿಯನ್ನು ಎದುರು ಗೋಡೆಯಿಂದ ಕೇಳಿಸಿಕೊಂಡ. ಆರ್ಕಿಟೆಕ್ಟರ ಕೈ ಜೇಬಿಗೆ ಹೋಯಿತು. ಫೋನ್ ಬಂತು. ಅವರು ಓದತೊಡಗಿದರು. ಆ ಮೌನದಲ್ಲಿ ಅವನ ಬಾಯಿಂದ, ಯಾರೋ ಒಳಗೆ ಕೈಹಾಕಿ ಕಿತ್ತು ತೆಗೆದ ಹಾಗೆ, ಆ ಮಾತು ಬಂದುಬಿಟ್ಟಿತು: “ಇಲ್ಲಾ, ನಿಮಗೆ ಹೇಗೆ ತಿಳಿಯತ್ತೋ ಹಾಗೆ.”

ಗುಬ್ಬಿ ತಲೆ ಬಗ್ಗಿಸಿ ತನ್ನ ಬೂಟು ನೋಡುತ್ತಿದ್ದ. ಅವನು ನಕ್ಕಿದ್ದರೆ ಎಷ್ಟೋ ವಾಸಿಯಿತ್ತು. ಅಷ್ಟರಲ್ಲಿ ಪಂಪಿನ ಕೋಣೆಯಿಂದ ಪ್ಲಂಬರ್ ಕೂಗಿದ. “ಒಂದೈದು ನಿಮಿಷ. ನೀವಿಬ್ಬರೇ ಮಾತಾಡ್ಕೊಂಡ್ರೂ ಆಯ್ತು,” ಎಂದು ಆರ್ಕಿಟೆಕ್ಟ್ ಹೊರಟುಹೋದರು.

ಇಬ್ಬರೂ ಕೊಳದ ಆಳದ ತುದಿಯಲ್ಲಿ ನಿಂತಿದ್ದರು. ಗುಬ್ಬಿ ಹತ್ತಿರ ಬಂದು ದನಿ ತಗ್ಗಿಸಿದ.

“ಭಾವ, ನಾನು ಮೂವತ್ತೈದು ಅಂತೀನಿ. ಆಗ ನಿಮ್ಮದೇ ಕಡಿಮೆ ಆಗತ್ತಲ್ಲ, ನಿಮಗೇ ಕೊಡ್ತಾರೆ.”

“ಯಾಕೆ?”

“ಯಾಕೆ ಅಂದ್ರೆ... ನನಗೆ ಈ ತಿಂಗಳು ಬೇಕಾದಷ್ಟು ಕೆಲಸ ಇದೆ.”

“ಯಾಕೆ ಅಂತ ಕೇಳ್ದೆ.”

ಗುಬ್ಬಿ ಸುಳ್ಳು ಹೇಳಲಾರದವನು. “ಅಕ್ಕ ಫೋನ್ ಮಾಡಿದ್ಲು,” ಎಂದ. “ಅತ್ತುಬಿಟ್ಲು ಭಾವ. ಈ ಒಂದು ಬಿಟ್ಟುಕೊಡು ಅಂದ್ಲು. ನೀವೇನೂ ಅಂದ್ಕೋಬೇಡಿ, ನಮ್ಮನಮ್ಮಲ್ಲಿ ಏನು?” ಎಂದು ಆ ದೊಡ್ಡ, ಬೆಚ್ಚಗಿನ ಕೈಯನ್ನು ಅವನ ಹೆಗಲ ಮೇಲಿಟ್ಟು ಎರಡು ಸಲ ತಟ್ಟಿದ.

ಆಮೇಲೆ ಎಷ್ಟು ಸಲ ನೆನೆದರೂ ನಡುವಿನದು ಸಿಗಲಿಲ್ಲ. ಹೆಗಲ ಮೇಲಿನ ಕೈಯ ಬಿಸಿ ಸಿಗುತ್ತಿತ್ತು. ‘ಸಿಗತ್ತೆ ಬಿಡು’ ಎಂದ ಹೆಂಡತಿಯ ಬೆನ್ನು ಸಿಗುತ್ತಿತ್ತು. ಅಂಗೈಯಲ್ಲಿ ಮಡಿಚಿದ ಟ್ರೈಪಾಡಿನ ಮೂರು ಕಾಲುಗಳು ಒಂದಾಗಿ ಕೂತ ಭಾರ ಸಿಗುತ್ತಿತ್ತು. ಆಮೇಲೆ ಆ ಸದ್ದು, ಒದ್ದೆ ಮರ ಸೀಳಿದಂಥದು. ಟ್ರೈಪಾಡಿನ ತಲೆ ಗುಬ್ಬಿಯ ದವಡೆಗೆ ಬಡಿದಿತ್ತು. ಗುಬ್ಬಿಯ ಮುಖದಲ್ಲಿ ನೋವು ಇನ್ನೂ ಬಂದಿರಲಿಲ್ಲ, ಬರೀ ಆಶ್ಚರ್ಯವಿತ್ತು, ಯಾರೋ ಪರಿಚಯದವರು ದಾರಿಯಲ್ಲಿ ಬೇರೆ ಹೆಸರಿನಿಂದ ಕರೆದಂತೆ. ಗುಬ್ಬಿ ಒಂದು ಹೆಜ್ಜೆ ಹಿಂದಿಟ್ಟ. ಹಿಂದೆ ನೆಲವಿರಲಿಲ್ಲ. ಅಷ್ಟು ಉದ್ದದ ದೇಹ ಅಷ್ಟು ಆಳಕ್ಕೆ ಬೀಳಲು ತುಂಬ ಹೊತ್ತು ತೆಗೆದುಕೊಂಡಿತು. ಬಲಗೈ ಊರಲು ನೋಡಿದ. ಕೈ ಮುರಿದ ಸದ್ದು ಕೊಳದ ನಾಲ್ಕೂ ಗೋಡೆಗೆ ಬಡಿದು ನಾಲ್ಕು ಸಲ ಮೇಲೆ ಬಂತು. ಮತ್ತು ಇದನ್ನು ಇವನು ಯಾರಿಗೂ ಹೇಳಲಾರ: ಆ ಕ್ಷಣ ಇವನ ಎದೆ ಹಗುರವಾಯಿತು. ನಲವತ್ತಾರು ವರ್ಷದಲ್ಲಿ ಮೊದಲ ಬಾರಿಗೆ ಪೂರ್ತಿ ಉಸಿರು ಎಳೆದುಕೊಂಡ ಹಾಗೆ.

ಮರುಕ್ಷಣ ಕಬ್ಬಿಣದ ಏಣಿ ಇಳಿಯುತ್ತಿದ್ದ, ಕೊನೆಯ ಮೂರು ಮೆಟ್ಟಿಲು ಬಿಟ್ಟು ಹಾರಿದ. “ಗುಬ್ಬಿ, ಏ ಗುಬ್ಬಿ.” ತಿಳಿನೀಲಿಯ ಮೇಲೆ ಕೆಂಪು ಎಷ್ಟು ಬೇಗ ಹರಿಯುತ್ತದೆ, ಟೈಲುಗಳ ನಡುವಿನ ಬಿಳಿಯ ಗೆರೆ ಹಿಡಿದು ಚೌಕಚೌಕವಾಗಿ. ಹಲ್ಲೊಂದು ಅಲ್ಲೇ ಬಿದ್ದಿತ್ತು. ತಲೆಯನ್ನು ತೊಡೆಯ ಮೇಲೆ ಎತ್ತಿಕೊಂಡ. ಗುಬ್ಬಿಯ ಕಣ್ಣು ತೆರೆದೇ ಇತ್ತು, ಇವನನ್ನೇ ನೋಡುತ್ತಿತ್ತು. ಸದ್ದು ಕೇಳಿ ಆರ್ಕಿಟೆಕ್ಟ್, ಪ್ಲಂಬರ್ ಓಡಿಬಂದು ಮೇಲೆ ಅಂಚಿನಲ್ಲಿ ನಿಂತರು.

“ಏನಾಯ್ತು? ಏನಾಯ್ತ್ರೀ?”

ಅವನು ಬಾಯಿ ತೆರೆದ. ಅಷ್ಟರಲ್ಲಿ ಗುಬ್ಬಿ ಎಡಗೈ ಎತ್ತಿದ. ಎರಡು ಬೆರಳನ್ನು ಗಾಳಿಯಲ್ಲಿ ಕಾಲಿನಂತೆ ನಡೆಸಿ, ಜಾರಿಸಿ, ಕೆಳಗೆ ಬೀಳಿಸಿ ತೋರಿಸಿದ. ಜಾರಿ ಬಿದ್ದೆ. ಪ್ಲಂಬರ್ ‘ಅಯ್ಯಯ್ಯೋ’ ಎಂದ. ಆರ್ಕಿಟೆಕ್ಟ್ ಅಂಚಿನಲ್ಲಿ ಬಿದ್ದಿದ್ದ ಟ್ರೈಪಾಡನ್ನು, ಸೊಟ್ಟಗಾದ ಅದರ ತಲೆಯನ್ನು ನೋಡಿದರು. ಆಮೇಲೆ ಇವನ ಮುಖ ನೋಡಿದರು.

ದವಡೆ ಎರಡು ಕಡೆ ಮುರಿದಿದೆ, ತಂತಿ ಕಟ್ಟಬೇಕು, ಆರು ವಾರ ಬಾಯಿ ತೆರೆಯುವಂತಿಲ್ಲ ಎಂದರು ಆಸ್ಪತ್ರೆಯಲ್ಲಿ. ಬಲಗೈ ಮಣಿಕಟ್ಟಿನಲ್ಲಿ ಪುಡಿಯಾಗಿದೆ. ಕ್ಯಾಮೆರಾ ಹಿಡಿಯುವ ಮಾತನ್ನು ಈಗ ಎತ್ತಬೇಡಿ. ಹೆಂಡತಿ ಶಾಲೆಯಿಂದ ನೇರವಾಗಿ ಬಂದಳು. ಬೆಂಚಿನ ಮೇಲೆ ಅವನ ಪಕ್ಕ ಕೂತು, ಅವನ ಅಂಗಿಯ ಮೇಲೆ ಒಣಗುತ್ತಿದ್ದ ರಕ್ತವನ್ನು ಉಗುರಿನಿಂದ ಕೆರೆಯುತ್ತ, “ನೀನೆಲ್ಲಿದ್ದೆ ಆಗ?” ಎಂದಳು.

“ಪಕ್ಕದಲ್ಲೇ.”

“ನಂದೇ ತಪ್ಪು. ನಾನು ಫೋನ್ ಮಾಡಿ, ಹೋಗಿ ಜಾಸ್ತಿ ದರ ಹೇಳು ಅನ್ನದಿದ್ರೆ ಅವನು ಬರ್ತಾನೇ ಇರಲಿಲ್ಲ. ಬೇರೆ ಊರಿಗೆ ಹೋಗೋನಿದ್ದ.” ಅವಳು ಅಳುತ್ತಿದ್ದಳು. ಹೇಳಲು ಅದು ಸರಿಯಾದ ಹೊತ್ತಾಗಿತ್ತು. ಒಂದೇ ವಾಕ್ಯ. ಅವನು ಅವಳ ಕೈ ಹಿಡಿದುಕೊಂಡ, ಬಿಟ್ಟ. ತಪ್ಪು ತನ್ನದೆಂದು ಅವಳು ಅಳುವುದನ್ನು ಕೇಳುತ್ತ ಕೂತ. ಆಗ ಫೋನ್ ಬಂತು.

“ಹೇಗಿದಾರೆ ಅವರು?” ಎಂದರು ಆರ್ಕಿಟೆಕ್ಟ್. “ಈ ಹೊತ್ತಲ್ಲಿ ಕೇಳ್ಬಾರದು. ಆದ್ರೆ ನಾಳೆ ಸಂಜೆ... ಬೇರೆ ಯಾರೂ ಸಿಗ್ತಿಲ್ಲ. ಇಪ್ಪತ್ತೆಂಟು ಅಂದಿದ್ರಿ.”

“ಅರವತ್ತು,” ಎಂದ ಅವನು.

ಅಷ್ಟು ಚಪ್ಪಟೆಯಾದ ದನಿ ತನ್ನ ಗಂಟಲಲ್ಲಿ ಇತ್ತೆಂಬುದೇ ಅವನಿಗೆ ತಿಳಿದಿರಲಿಲ್ಲ. ವಿವರಿಸಬೇಕೆನಿಸಲಿಲ್ಲ, ಕೆಮ್ಮು ಬರಲಿಲ್ಲ, ಕಿವಿ ಬಿಸಿಯಾಗಲಿಲ್ಲ. ಅತ್ತ ಕಡೆಯ ಮೌನವನ್ನು ಅವನು ತುಂಬಲು ಹೋಗಲಿಲ್ಲ; ಅದು ಅವರ ಮೌನ, ಅವರೇ ಇಟ್ಟುಕೊಳ್ಳಲಿ ಎಂದು ಬಿಟ್ಟ.

“ಅರವತ್ತಾ?”

“ಅರವತ್ತು. ಹನ್ನೆರಡು ಚಿತ್ರ. ಟೈಲ್ ಕಂಪನಿಯವರಿಗೆ ಬೇಕಿದ್ರೆ ಅವರು ಬೇರೆ ಕೊಡ್ಬೇಕು.”

“ಸರಿ,” ಎಂದರು ಆರ್ಕಿಟೆಕ್ಟ್, ಬೇಗ. ಆ ಬೇಗದಲ್ಲಿದ್ದದ್ದು ಹೆದರಿಕೆ ಎಂದು ಅವನಿಗೆ ಗೊತ್ತಾಯಿತು. ಸೊಟ್ಟಗಾದ ಟ್ರೈಪಾಡ್ ನೋಡಿದವರ ಹೆದರಿಕೆ ಅದು. ಹೆಂಡತಿ ಮೂಗು ಒರೆಸಿಕೊಂಡು, “ಯಾರು?” ಎಂದಳು. “ಕೆಲಸದ್ದು,” ಎಂದ.

ಮರುದಿನ ಮಧ್ಯಾಹ್ನ ಕೊಳ ತುಂಬಿತ್ತು. ಯಾರೋ ಉಜ್ಜಿ ತೊಳೆದಿದ್ದರು. ತಿಳಿನೀಲಿಯ ಮೇಲೆ ತಿಳಿನೀಲಿ ನೀರು. ಬಾಡಿಗೆಗೆ ತಂದ ಟ್ರೈಪಾಡನ್ನು ಬಿಚ್ಚಿ, ಗುಬ್ಬಿ ನಿಂತಿದ್ದ ಜಾಗದಲ್ಲೇ ನಿಲ್ಲಿಸಿದ. ಬೇರೆ ಜಾಗವಿರಲಿಲ್ಲ, ಕಟ್ಟಡ ತನ್ನನ್ನು ತೋರಿಸಿಕೊಳ್ಳುತ್ತಿದ್ದದ್ದು ಅಲ್ಲಿಂದ ಮಾತ್ರ. ಎರಡು ಗಂಟೆ ಕಾಲ ಅವನು ಎಂದೂ ಮಾಡಿರದಷ್ಟು ಚೆನ್ನಾಗಿ ಕೆಲಸ ಮಾಡಿದ. ಕೈ ನಡುಗಲಿಲ್ಲ. ನಡುಗದ ಕೈಯನ್ನು ಆಗಾಗ ಪರಕೀಯವಾದದ್ದೆಂಬಂತೆ ನೋಡಿಕೊಂಡ. ಹೆಣ್ಣುಮಗಳೊಬ್ಬಳು ಅಂಚು ಒರೆಸುತ್ತಿದ್ದಳು. “ಸ್ವಲ್ಪ ಆಚೆ,” ಎಂದ ಕೂಡಲೇ ಬಕೆಟ್ ಎತ್ತಿಕೊಂಡು ಓಡಿದಳು. ಇವನು ಹೇಳಿದ್ದಕ್ಕೆ ಜನ ಓಡುವುದೂ ಹೊಸದು. ಐದೂಮುಕ್ಕಾಲಿಗೆ ಬೆಳಕು ತೊಲೆಗಳ ಸಂದಿಯಿಂದ ಅಡ್ಡಡ್ಡ ಇಳಿದು ನೀರನ್ನು ಮುಟ್ಟಿತು. ಆಗ, ಆಳದ ತುದಿಯಲ್ಲಿ, ತಳದ ಒಂದು ಟೈಲು ಬಿರುಕು ಬಿಟ್ಟಿರುವುದು ನಕ್ಷತ್ರದಂತೆ ಕಂಡಿತು.

“ಅದೊಂದು ಬಿರುಕು ಕಾಣ್ತಿದೆ,” ಎಂದರು ಆರ್ಕಿಟೆಕ್ಟ್, ಎರಡು ಮಾರು ದೂರದಲ್ಲೇ ನಿಂತು. “ಚಿತ್ರದಲ್ಲಿ ತೆಗೆದುಬಿಡೋಕೆ ಆಗತ್ತಾ?”

“ಆಗತ್ತೆ. ಅದಕ್ಕೆ ಬೇರೆ ಚಾರ್ಜು.”

“ಎಷ್ಟಾದ್ರೂ ಸರಿ.”

ಅವನು ಹೊರಗೆ ಬಂದು, ಹೊಸದಾಗಿ ನೆಟ್ಟ ಗಿಡಗಳ ಸಾಲಿನ ಹಿಂದೆ ಕೂತು ವಾಂತಿ ಮಾಡಿದ. ಬಾಯಿ ಒರೆಸಿಕೊಂಡು ಒಳಗೆ ಹೋಗಿ ಕೊನೆಯ ಎರಡು ಚಿತ್ರ ತೆಗೆದ.

ಮೂರನೆಯ ದಿನ ಬೆಳಿಗ್ಗೆ ಆಸ್ಪತ್ರೆಯ ಮೆಟ್ಟಿಲು ಹತ್ತುವಾಗ ಸಂದೇಶ ಬಂತು: ‘ಕಳಿಸಿದ ನಾಲ್ಕೂ ನೋಡಿದೆ. ನೀವು ಇಷ್ಟು ಚೆನ್ನಾಗಿ ತೆಗೆದದ್ದೇ ಇಲ್ಲ. ಇನ್ನೆರಡು ಕಟ್ಟಡ ಇವೆ. ಇದೇ ದರ.’ ಅವನು ನಿಂತು ಎರಡು ಸಲ ಓದಿದ. ಸಂತೋಷವಾಯಿತು. ಸಂತೋಷವಾದದ್ದನ್ನು ಕಂಡು, ಅಲ್ಲೇ ಮೆಟ್ಟಿಲಿನ ಕಂಬಿ ಹಿಡಿದು, ತಲೆಯನ್ನು ಗೋಡೆಗೆ ಚಚ್ಚಿಕೊಳ್ಳಬೇಕೆನಿಸಿತು. ಮೇಲಿಂದ ಇಳಿದುಬಂದ ನರ್ಸು, “ದಾರಿ ಬಿಡ್ರಿ,” ಎಂದಳು. ಬಿಟ್ಟ.

ಕೋಣೆಯಲ್ಲಿ ಅತ್ತೆ ಒಬ್ಬರೇ ಇದ್ದರು. ಅವನನ್ನು ಕಂಡದ್ದೇ ಎದ್ದು, ಅಲ್ಲಿದ್ದ ಒಂದೇ ಕುರ್ಚಿಯನ್ನು ಸೆರಗಿನಿಂದ ಒರೆಸಿದರು.

“ಬನ್ನಿ, ಕೂತ್ಕೊಳ್ಳಿ. ಬೇಡ ಅನ್ಬೇಡಿ, ನನಗೆ ನಿಂತು ಅಭ್ಯಾಸ. ನೀವು ಆ ಗುಂಡಿಗೆ ಹಾರದಿದ್ರೆ ನನ್ನ ಮಗ ಇವತ್ತು... ನಿಮ್ಮ ಋಣ ಹೇಗೆ ತೀರಿಸ್ಲಿ ಹೇಳಿ.” ಹಣ್ಣಿನ ರಸದ ಲೋಟ, ಅದರಲ್ಲೊಂದು ಕೊಳವೆ, ಅವನ ಕೈಗೆ ಕೊಟ್ಟರು. “ನಾನು ಕುಡಿಸಿದ್ರೆ ಹಟ ಮಾಡ್ತಾನೆ. ನೀವು ಕುಡಿಸಿ. ನಿಮ್ಮ ಮಾತು ಕೇಳ್ತಾನೆ.”

ಗುಬ್ಬಿಯ ಮುಖ ಊದಿ ನೀಲಿಯಾಗಿತ್ತು. ತುಟಿಗಳ ನಡುವೆ ತಂತಿ ಮಿನುಗುತ್ತಿತ್ತು. ಕೊಳವೆಯನ್ನು ತುಟಿಗೆ ಹಿಡಿದ. ಗುಬ್ಬಿ ಕುಡಿಯುತ್ತ, ಕಣ್ಣು ಕದಲಿಸದೆ ಇವನನ್ನು ನೋಡಿದ. ಇವನ ಮುಖದಲ್ಲಿ ಏನನ್ನು ಕಂಡನೋ, ಗುಬ್ಬಿ ಎಡಗೈ ಚಾಚಿ ಇವನ ಮಣಿಕಟ್ಟು ಹಿಡಿದ. ಕ್ಷಮಿಸಿದ ಎಂದುಕೊಂಡ ಅವನು. ಆದರೆ ಹಿಡಿತ ಬಿಗಿಯಾಯಿತು. ಇನ್ನೂ ಬಿಗಿಯಾಯಿತು. ಉಗುರುಗಳು ಚರ್ಮ ಹೊಕ್ಕವು, ರಕ್ತ ಬಂದರೂ ಬಿಡಲಿಲ್ಲ. ಗುಬ್ಬಿಯ ಕಣ್ಣಿನಲ್ಲಿ ಕ್ಷಮೆಯ ಸುಳಿವೂ ಇರಲಿಲ್ಲ. ಹೇಳಬೇಡ ಎನ್ನುತ್ತಿದ್ದವು ಆ ಕಣ್ಣುಗಳು, ಇದು ನನ್ನದು, ಇದನ್ನು ನಾನು ಇಟ್ಟುಕೊಳ್ಳುತ್ತೇನೆ, ನೀನು ಎಲ್ಲಿ ಕೂತರೂ ನಿಂತರೂ ನನಗೆ ಗೊತ್ತಿರುತ್ತದೆ. ಬಿಟ್ಟುಕೊಟ್ಟವನ ಮುಖದ ಹಿಂದೆ ಇಷ್ಟು ದ್ವೇಷ ಇರಬಲ್ಲದೆಂದು ಅವನು ಯೋಚಿಸಿಯೇ ಇರಲಿಲ್ಲ. ಅದನ್ನು ಕಂಡು ಅವನಿಗೆ ಹೆದರಿಕೆಗಿಂತ ಹೆಚ್ಚಾಗಿ ಒಂದು ಬಗೆಯ ಸಮಾಧಾನವಾಯಿತು.

“ಅತ್ತೆ,” ಎಂದ. “ಅವನು ಜಾರಲಿಲ್ಲ. ನಾನು ಹೊಡೆದೆ. ಟ್ರೈಪಾಡ್ ಎತ್ತಿ ಮುಖಕ್ಕೆ ಹೊಡೆದೆ. ಅದಕ್ಕೇ ಬಿದ್ದ.”

ಗುಬ್ಬಿಯ ಗಂಟಲಿನಿಂದ ತಂತಿಯ ಹಿಂದೆ ಸಿಕ್ಕಿಕೊಂಡ ಒಂದು ಸದ್ದು ಬಂತು. ಕೈ ಸಡಿಲಾಯಿತು.

ಅತ್ತೆ ಅವನ ಕೈಯಿಂದ ಲೋಟ ತೆಗೆದುಕೊಂಡು, ಬಗ್ಗಿ, ಉಳಿದ ರಸವನ್ನು ತಾವೇ ಮಗನಿಗೆ ಕುಡಿಸಿದರು. ಕೊಳವೆ ತಳದಲ್ಲಿ ಸುರ್ರೆನ್ನುವವರೆಗೂ ಕುಡಿಸಿದರು. ಸೆರಗಿನ ತುದಿಯಿಂದ ತುಟಿ ಒರೆಸಿ, ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟರು.

“ಏಳು,” ಎಂದರು. ಮದುವೆಯಾಗಿ ಹನ್ನೆರಡು ವರ್ಷದಲ್ಲಿ ಅಳಿಯನಿಗೆ ಅವರು ಏಕವಚನ ಬಳಸಿರಲಿಲ್ಲ. “ಮೇಲೇಳು. ನಾನು ಕೂತ್ಕೋಬೇಕು.”

ಅವನು ಎದ್ದ. ಬಾಗಿಲಲ್ಲಿ ಹೆಂಡತಿ ನಿಂತಿದ್ದಳು, ಕೈಯಲ್ಲಿ ಗಂಜಿಯ ಫ್ಲಾಸ್ಕು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಅವನು ಪಕ್ಕಕ್ಕೆ ಸರಿದು ಹೊರಗೆ ಹೋಗಲು ನೋಡಿದ. ಅವಳು ದಾರಿ ಬಿಡಲಿಲ್ಲ. ಬಗ್ಗಿ, ಫ್ಲಾಸ್ಕನ್ನು ಉರುಳದಂತೆ ಗೋಡೆಗೊತ್ತಿ ನೆಲದ ಮೇಲಿಟ್ಟಳು. ಎರಡೂ ಕೈ ಖಾಲಿಯಾದ ಮೇಲೆ ಹೊಡೆದಳು. ಅವನ ಕನ್ನಡಕ ಹಾರಿ ಕಾರಿಡಾರಿನಲ್ಲಿ ಎಲ್ಲೋ ಬಿತ್ತು. ಬಾಯಲ್ಲಿ ಉಪ್ಪು ರುಚಿ. ದೂರದ ಬೆಂಚಿನ ಜನ ಇತ್ತ ತಿರುಗಿದರು. ಅವನು ಕೈ ಕೆಳಗೇ ಬಿಟ್ಟು, ಮುಂದಿನ ಏಟಿಗಾಗಿ ಮುಖವನ್ನು ಎತ್ತಿ ಹಿಡಿದುಕೊಂಡು ಕಾದ. ಅದು ಬರಲಿಲ್ಲ. ಅವಳು ಫ್ಲಾಸ್ಕು ಎತ್ತಿಕೊಂಡು, ಅವನ ಪಕ್ಕದಿಂದ, ಅವನಿಗೆ ತಾಗದ ಹಾಗೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.